ತಣ್ಣಗಿರುವಾಗಲೇ ನೋಡಿ: ಸೆಕೆಂಡ್ ಹ್ಯಾಂಡ್ ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಕೊಳ್ಳುವ ಮುನ್ನ

ಕಾರು ನೋಡಲು ಹೋಗುವ ಮೊದಲು ಮಾರುವವರಿಗೆ ಫೋನ್ ಮಾಡುತ್ತೀರಲ್ಲ, ಆಗ ಒಂದು ಮಾತು ಹೇಳಿಬಿಡಿ. "ನಾನು ಬರುವ ತನಕ ದಯವಿಟ್ಟು ಕಾರು ಸ್ಟಾರ್ಟ್ ಮಾಡಬೇಡಿ." ಇವತ್ತು ನಾನು ಹೇಳುವುದರಲ್ಲಿ ಬೇರೆ ಎಲ್ಲ ಮರೆತರೂ ಪರವಾಗಿಲ್ಲ, ಇದೊಂದು ಮಾತ್ರ ಮರೆಯಬೇಡಿ.

ಯಾಕೆ ಅಂತ ಹೇಳುತ್ತೇನೆ. ನಾನು ಮೊದಲ ಸಲ ಇಂಥ ಕಾರು ಕೊಳ್ಳಲು ಹೋದಾಗ ಅದು ಮನೆ ಮುಂದೆ ತೊಳೆದು, ಒರೆಸಿ, ಎಂಜಿನ್ ಓಡುತ್ತಾ ನಿಂತಿತ್ತು. "ನಿಮ್ಮನ್ನು ಕಾಯಿಸುವುದು ಬೇಡ ಅಂತ ಸ್ಟಾರ್ಟ್ ಮಾಡಿಟ್ಟೆ" ಅಂದರು. ನನಗೆ ಅದು ಸೌಜನ್ಯ ಅನ್ನಿಸಿತು. ಓಡಿಸಿದೆ, ತುಂಬಾ ಚೆನ್ನಾಗಿತ್ತು, ಮಾತು ಮುಗಿಸಿ ತಂದುಬಿಟ್ಟೆ. ಮರುದಿನ ಬೆಳಿಗ್ಗೆ ಕೀ ತಿರುಗಿಸಿದರೆ, ತಗಡಿನ ಡಬ್ಬಕ್ಕೆ ಮೊಳೆ ಹಾಕಿ ಅಲ್ಲಾಡಿಸಿದಂಥ ಸದ್ದು. ಮೂರು ಸೆಕೆಂಡ್ ಇತ್ತು, ಆಮೇಲೆ ನಿಂತಿತು. ಸಂಜೆ ಸ್ಟಾರ್ಟ್ ಮಾಡಿದಾಗ ಇಲ್ಲ. ಅದರ ಮರುದಿನ ಬೆಳಿಗ್ಗೆ ಮತ್ತೆ.

ಅದು ಟೈಮಿಂಗ್ ಚೈನಿನ ಸದ್ದು, ಅಂದರೆ ಎಂಜಿನ್ ಒಳಗೆ ವಾಲ್ವ್ ಮತ್ತು ಪಿಸ್ಟನ್‌ಗಳ ಓಟವನ್ನು ಒಂದಕ್ಕೊಂದು ಹೊಂದಿಸಿಡುವ ಚೈನು. ಬಹಳಷ್ಟು ಎಂಜಿನ್‌ಗಳಲ್ಲಿ ಆ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ. ಬೆಳಿಗ್ಗೆ ಒತ್ತಡ ಏರುವ ತನಕ, ಸವೆದ ಟೆನ್ಷನರ್ ಚೈನನ್ನು ಬಿಗಿ ಹಿಡಿಯಲಾರದು. ಚೈನು ಒಂದು ಹಲ್ಲು ಹಾರಿದರೆ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ಬಡಿಯಬಹುದು. ಅಲ್ಲಿಗೆ ಎಂಜಿನ್ ಮುಗಿದ ಹಾಗೆ. ಎಂಜಿನ್ ಬಿಸಿಯಾಗಿದ್ದಾಗ ಈ ಸದ್ದು ಸಾಮಾನ್ಯವಾಗಿ ಬರುವುದಿಲ್ಲ. ಅವರು ಬೇಕಂತಲೇ ಬಿಸಿ ಮಾಡಿಟ್ಟಿದ್ದರೋ ಇಲ್ಲವೋ, ನಾನು ಆ ಲೆಕ್ಕಕ್ಕೆ ಹೋಗುವುದಿಲ್ಲ. ತಣ್ಣಗಿನ ಎಂಜಿನ್ ತೋರಿಸಿ ಅಂತ ಕೇಳಬೇಕಾದದ್ದು ನಾನು.

ಆದ್ದರಿಂದ ಹೋದ ತಕ್ಷಣ ಮಾತಿಗೆ ಮುಂಚೆ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ, "ಇನ್ನೊಂದು ದಿನ ಬರುತ್ತೇನೆ" ಅಂತ ನಗುತ್ತಲೇ ಹೇಳಿ. ಒಳ್ಳೆಯ ಕಾರು ಇಟ್ಟುಕೊಂಡವರಿಗೆ ಅದರಿಂದ ಬೇಜಾರಾಗುವುದಿಲ್ಲ.

ಈಗ ಒಂದು ಹೆಜ್ಜೆ ಹಿಂದೆ ಹೋಗೋಣ. ಮಾಮೂಲಿ ಹ್ಯಾಚ್‌ಬ್ಯಾಕ್‌ಗೂ ಇದಕ್ಕೂ ಏನು ವ್ಯತ್ಯಾಸ, ಇಷ್ಟೆಲ್ಲ ಯಾಕೆ ನೋಡಬೇಕು? ಈ ಜಾತಿಯ ಕಾರಿನ ಹುಟ್ಟಿನಲ್ಲೇ ಅದರ ಉತ್ತರ ಇದೆ. ಫೋಕ್ಸ್‌ವ್ಯಾಗನ್ 1975ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಗಾಲ್ಫ್ ಜಿಟಿಐ ತೋರಿಸಿತು, 1976ರಲ್ಲಿ ಮಾರಾಟಕ್ಕೆ ಇಳಿಸಿತು. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ. ಮೊದಲಿಗೆ ಅವರು ಅಂದುಕೊಂಡಿದ್ದು ಬರೀ 5,000 ಕಾರು ಮಾಡೋಣ ಅಂತ. ಆದರೆ ಜನ ಬಿಡಲಿಲ್ಲ, ಮೊದಲ ತಲೆಮಾರಿನದೇ ನಾಲ್ಕು ಲಕ್ಷಕ್ಕೂ ಜಾಸ್ತಿ ಹೋಯಿತು. 1984ರಲ್ಲಿ ಪ್ಯೂಜೋ 205 ಜಿಟಿಐ ಬಂತು. 1997ರಲ್ಲಿ ಹೋಂಡಾ ಸಿವಿಕ್ ಟೈಪ್ ಆರ್ ಬಂತು. ಅದರದ್ದು ಟರ್ಬೊ (ಎಂಜಿನ್‌ಗೆ ಒತ್ತಡದಲ್ಲಿ ಗಾಳಿ ತುಂಬುವ ಸಾಧನ) ಇಲ್ಲದ 1.6 ಲೀಟರ್ ಎಂಜಿನ್. 8,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ದಾಟಿದ ಮೇಲೇ ಅದರ ಪೂರ್ತಿ ಶಕ್ತಿ ಸಿಗುತ್ತಿತ್ತು.

ಇವೆಲ್ಲದರ ಹಿಂದೆ ಇರುವ ಯೋಚನೆ ಒಂದೇ. ಮನೆಮಂದಿ ಓಡಾಡುವ ಕಾರಿನ ಮೈ, ಅದಕ್ಕೆ ಜೋರಾದ ಎಂಜಿನ್, ಗಟ್ಟಿ ಸಸ್ಪೆನ್ಷನ್, ದೊಡ್ಡ ಬ್ರೇಕ್. ಹಾಗಾಗಿ ಒಂದೇ ಬ್ಯಾಚಿನ ಎರಡು ಕಾರು ಎರಡು ಥರ ಬದುಕುತ್ತವೆ. ಒಂದನ್ನು ಯಾರೋ ಆಫೀಸಿಗೆ, ಮಾರುಕಟ್ಟೆಗೆ ಓಡಿಸಿ, ಭಾನುವಾರ ಮಾತ್ರ ಖಾಲಿ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಹೋಗಿರುತ್ತಾರೆ. ಇನ್ನೊಂದನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಿಂದಲೇ ಕೊನೆಯ ತನಕ ತುಳಿದಿರುತ್ತಾರೆ. ಹೊರಗಿನಿಂದ ಎರಡೂ ಒಂದೇ ಕೆಂಪು ಬಣ್ಣ, ಒಂದೇ ಹೊಳಪು.

ಅದಕ್ಕೇ ನಾನು ಮೀಟರಿನ ಕಿಲೋಮೀಟರಿಗೆ ಜಾಸ್ತಿ ಬೆಲೆ ಕೊಡುವುದಿಲ್ಲ. ಎಂಜಿನ್ ಬಿಸಿಯಾಗುವ ತನಕ ತಾಳ್ಮೆಯಿಂದ ಓಡಿಸಿದ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ 90,000 ಕಿಲೋಮೀಟರಿನ ಕಾರು ನನಗೆ ಬೇಕು. ತಣ್ಣಗಿನ ಎಂಜಿನನ್ನು ದಿನವೂ ಹಿಂಡಿದ 40,000 ಕಿಲೋಮೀಟರಿನದು ಬೇಡ. ನೀವು ಕಾರು ನೋಡಲು ಹೋಗಿದ್ದೀರಿ ಅಂದುಕೊಳ್ಳುತ್ತೀರಿ. ನಿಜವಾಗಿ ನೋಡಬೇಕಾದದ್ದು ಅದನ್ನು ಓಡಿಸಿದವರ ಅಭ್ಯಾಸ. ಒಂದೊಂದು ಭಾಗವನ್ನೂ ಆ ಕಣ್ಣಿನಿಂದ ನೋಡುತ್ತಾ ಹೋಗಿ.

ಸರಿ, ಬಾನೆಟ್ ತಣ್ಣಗಿದೆ. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ, ಆ ಮನೆಯಲ್ಲಿ ಯಾರೂ ಬಾನೆಟ್ ತೆಗೆದು ನೋಡುವುದಿಲ್ಲ ಅಂತಾಯಿತು. ಟರ್ಬೊ ಎಂಜಿನ್‌ಗಳು ಸ್ವಲ್ಪ ಆಯಿಲ್ ಕುಡಿಯುವುದು ಸಾಮಾನ್ಯ, ಅದು ದೋಷವಲ್ಲ. ಅದನ್ನು ಯಾರೂ ಗಮನಿಸದೆ ಬಿಟ್ಟಿರುವುದು ದೋಷ. ಆಯಿಲ್ ಕ್ಯಾಪ್ ತಿರುಗಿಸಿ ಒಳಬದಿ ನೋಡಿ. ಬೆಣ್ಣೆಯಂಥ ಬಿಳಿ ಪದರ ಇದ್ದರೆ ತಕ್ಷಣ ಗಾಬರಿ ಬೀಳಬೇಡಿ. ಚಳಿಯಲ್ಲಿ ಬರೀ ಹತ್ತಿರದ ಓಡಾಟ ಮಾಡಿದರೂ ತೇವ ಸೇರಿ ಹಾಗಾಗುತ್ತದೆ. ಆದರೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಡಬ್ಬದಲ್ಲೂ ಎಣ್ಣೆ ತೇಲುತ್ತಿದ್ದರೆ ಅಲ್ಲಿಂದ ಹೊರಡಿ.

ಈಗ ಸ್ಟಾರ್ಟ್ ಮಾಡಿಸಿ. ನೀವು ಮಾಡಬೇಡಿ, ಅವರಿಂದ ಮಾಡಿಸಿ. ನೀವು ಹೊರಗೆ ಎಂಜಿನ್ ಹತ್ತಿರ ನಿಲ್ಲಿ, ಜೊತೆಗೆ ಬಂದವರನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ. ಮೊದಲ ಐದು ಸೆಕೆಂಡ್ ಯಾರೂ ಮಾತಾಡಬಾರದು. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪಾಗಿದ್ದರೆ ಪೆಟ್ರೋಲ್ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತಿದೆ. ಬಿಳಿ ಆವಿ ತಣ್ಣಗಿನ ಬೆಳಿಗ್ಗೆ ಬರುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆಯೂ ಇದ್ದರೆ ಕೂಲೆಂಟ್ ಒಳಗೆ ಸೋರುತ್ತಿದೆ.

ಎಂಜಿನ್ ಮೊದಲ ಅರ್ಧ ನಿಮಿಷ ಕುಂಟುತ್ತಾ, ನಡುಗುತ್ತಾ ಓಡಿದರೆ ಅದಕ್ಕೆ ಒಂದು ವಿಶೇಷ ಕಾರಣ ಇರಬಹುದು. ಇತ್ತೀಚಿನ ಇಂಥ ಕಾರುಗಳಲ್ಲಿ ಹೆಚ್ಚಿನವು ಡೈರೆಕ್ಟ್ ಇಂಜೆಕ್ಷನ್. ಹಳೆಯ ಎಂಜಿನ್‌ಗಳಲ್ಲಿ ಪೆಟ್ರೋಲ್ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಮೇಲೆ ಬಿದ್ದು ಅದನ್ನು ತೊಳೆಯುತ್ತಿತ್ತು. ಇವುಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೇ ಹೋಗುತ್ತದೆ. ವಾಲ್ವ್ ತೊಳೆಯುವವರೇ ಇಲ್ಲ. ಆಯಿಲ್ ಆವಿ ಅದರ ಮೇಲೆ ಕೂತು ಮಸಿಗಟ್ಟಿ, ಗಾಳಿಯ ದಾರಿ ಕಿರಿದಾಗುತ್ತದೆ. ಇದು ಸ್ವಚ್ಛ ಮಾಡಬಹುದಾದ ತೊಂದರೆ. ಆದ್ದರಿಂದ ಇದಕ್ಕಾಗಿ ಕಾರು ಬಿಡಬೇಡಿ, ಸ್ವಚ್ಛ ಮಾಡಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ಎಂಜಿನ್ ತಾನಾಗಿ ಓಡುತ್ತಿರಲಿ. ಅಷ್ಟರಲ್ಲಿ ಟೈರ್ ನೋಡೋಣ. ಇದು ನನಗೆ ಬಹಳ ಇಷ್ಟವಾದ ಜಾಗ. ಮಾಲೀಕರು ಹೇಳದ ವಿಷಯವನ್ನೂ ಟೈರ್ ಹೇಳಿಬಿಡುತ್ತದೆ.

ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕೂ ಟೈರ್ ಓದಿ. ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ, ಹತ್ತಿರ ಹತ್ತಿರದ ತಾರೀಖು ಅಂದರೆ ಖುಷಿಪಡಿ. ಎರಡು ಒಳ್ಳೆಯ ಟೈರ್, ಎರಡು ಹೆಸರೇ ಕೇಳದ ಅಗ್ಗದ ಟೈರ್ ಹಾಕಿದ್ದರೆ ಯೋಚನೆ ಮಾಡಿ. ಇಂಥ ಕಾರಿಗೆ ಟೈರಿನಲ್ಲಿ ಉಳಿಸಲು ನೋಡಿದವರು ಆಯಿಲ್‌ನಲ್ಲಿ, ಸ್ಪಾರ್ಕ್ ಪ್ಲಗ್‌ನಲ್ಲಿ ಉಳಿಸದೆ ಬಿಟ್ಟಿರುತ್ತಾರಾ?

ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ, ಮುಂದಿನ ಟೈರಿನ ಒಳಅಂಚಿಗೆ ಕೈ ಹಾಕಿ. ಕೂತು ನೋಡಿದರೆ ಕಾಣದು, ಕೈಯಲ್ಲೇ ಮುಟ್ಟಿ ನೋಡಬೇಕು. ಹೊರಗೆಲ್ಲ ಚೆನ್ನಾಗಿದ್ದು ಒಳಅಂಚು ಮಾತ್ರ ಬೋಳಾಗಿದ್ದರೆ ಚಕ್ರಗಳ ಕೋನ, ಅಂದರೆ ಅಲೈನ್‌ಮೆಂಟ್ ಸರಿ ಇಲ್ಲ. ಕಾರನ್ನು ತಗ್ಗಿಸಲು ಗಿಡ್ಡ ಸ್ಪ್ರಿಂಗ್ ಹಾಕಿ, ಆಮೇಲೆ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟಿರಬಹುದು. ಇಲ್ಲವೇ ಎಲ್ಲೋ ಗುದ್ದಿ ಸಸ್ಪೆನ್ಷನ್ ತೋಳು ಬಗ್ಗಿರಬಹುದು. ಎರಡೂ ಭುಜದ ಅಂಚು ಸುಟ್ಟು ಉಂಡೆಯಾದ ಹಾಗೆ ಸವೆದಿದ್ದರೆ ತಿರುವುಗಳಲ್ಲಿ ಬಹಳ ಜೋರಾಗಿ ಓಡಿಸಿದ್ದಾರೆ. ಚಕ್ರದ ಮೇಲಿನ ಕಮಾನಿನ ಒಳಗೆ ಸಣ್ಣ ಸಣ್ಣ ರಬ್ಬರ್ ಚೂರು ಅಂಟಿದ್ದರೆ ಈ ಕಾರು ರೇಸ್ ಟ್ರ್ಯಾಕಿಗೆ ಹೋಗಿ ಬಂದಿರುವ ಸಾಧ್ಯತೆ ಹೆಚ್ಚು.

ಟ್ರ್ಯಾಕಿಗೆ ಹೋಗುವುದು ತಪ್ಪಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಇಂಥ ಕಾರು ಮಾಡಿರುವುದೇ ಅಂಥ ಸಂತೋಷಕ್ಕೆ. ಹೋಗಿ ಬಂದ ಮೇಲೆ ಬ್ರೇಕ್ ಆಯಿಲ್, ಪ್ಯಾಡ್, ಎಂಜಿನ್ ಆಯಿಲ್ ಬದಲಿಸಿದ್ದೀನಿ ಅಂತ ಬಿಲ್ ತೋರಿಸುವವರಿಂದ ನಾನು ಧೈರ್ಯವಾಗಿ ಕಾರು ಕೊಳ್ಳುತ್ತೇನೆ. "ಇಲ್ಲಪ್ಪಾ, ಬರೀ ಮನೆ-ಆಫೀಸು" ಅನ್ನುವವರ ಕಾರಿನ ಡಿಸ್ಕ್ ನೀಲಿಗಟ್ಟಿ, ಮೇಲೆ ಕೂದಲೆಳೆಯಂಥ ಬಿರುಕು ಕಾಣುತ್ತಿದ್ದರೆ ಮಾತಿಗೂ ಕಾರಿಗೂ ಹೊಂದುತ್ತಿಲ್ಲ. ಡಿಸ್ಕಿನ ಅಂಚನ್ನು ಉಗುರಿನಿಂದ ಸವರಿ ನೋಡಿ. ಎತ್ತರದ ಏಣು ಸಿಕ್ಕರೆ ಸವೆದಿದೆ. ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಬರೆದಿರುತ್ತಾರೆ.

ಅಲಾಯ್ ಚಕ್ರದ ಒಳಮುಖಕ್ಕೂ ಟಾರ್ಚ್ ಬಿಡಿ. ತೆಳು ಟೈರ್ ಇರುವ ಕಾರುಗಳಲ್ಲಿ ಗುಂಡಿಯ ಪೆಟ್ಟು ನೇರ ಚಕ್ರಕ್ಕೇ ಬೀಳುತ್ತದೆ, ಬಿರುಕು ಬಿಡುವುದು ಒಳಗಡೆ.

ಮೈಬಣ್ಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾವ ಕಾರಿಗಾದರೂ ಇದು ಒಂದೇ. ಬಾಗಿಲು, ಬಾನೆಟ್‌ಗಳ ನಡುವಿನ ಸಂದು ಎರಡೂ ಕಡೆ ಸಮ ಇದೆಯಾ? ಬಾನೆಟ್ ಬೋಲ್ಟಿನ ಮೇಲೆ ಸ್ಪ್ಯಾನರ್ ಗುರುತು ಇದೆಯಾ? ಬಾಗಿಲಿನ ರಬ್ಬರ್ ಮೇಲೆ ಬಣ್ಣದ ತುಂತುರು ಬಿದ್ದಿದೆಯಾ? ಒಂದು ಹೆಡ್‌ಲೈಟ್ ಮಂಕು, ಇನ್ನೊಂದು ಹೊಸದರ ಹಾಗೆ ಹೊಳೆಯುತ್ತಿದ್ದರೆ ಯಾಕೆ ಅಂತ ಕೇಳಿ. ಬಂಪರ್‌ಗೆ ಮತ್ತೆ ಬಣ್ಣ ಹೊಡೆಸಿರುವುದು ದೊಡ್ಡ ವಿಷಯವಲ್ಲ. ಮುಂದಿನ ಸಸ್ಪೆನ್ಷನ್ ಕೂರುವ ಜಾಗದಲ್ಲಿ, ಬೂಟ್ ನೆಲದ ಕೆಳಗೆ ವೆಲ್ಡಿಂಗ್ ಗುರುತು ಅಥವಾ ಸುಕ್ಕು ಕಂಡರೆ ಅದು ದೊಡ್ಡ ವಿಷಯ. ಛಾಸಿ ನಂಬರ್ ಕಾಗದಪತ್ರಕ್ಕೆ ಹೊಂದುತ್ತದಾ ಅಂತ ನಿಮ್ಮ ಕಣ್ಣಿನಿಂದಲೇ ನೋಡಿ.

ಈಗ ಈ ಕಾರುಗಳಿಗೇ ಅಂಟಿಕೊಂಡ ಒಂದು ಸಮಸ್ಯೆಗೆ ಬರುತ್ತೇನೆ. ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಜಾಸ್ತಿ ಮಾಡಿಸುತ್ತಾರಲ್ಲ, ರೀಮ್ಯಾಪ್ ಅನ್ನುತ್ತಾರೆ. ಟರ್ಬೊ ಎಂಜಿನ್‌ನಲ್ಲಿ ಇದು ತುಂಬಾ ಸುಲಭ. ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು ಅನ್ನುವುದನ್ನು ನಿರ್ಧರಿಸುವುದು ಕಂಪ್ಯೂಟರ್. ಆ ಅಂಕಿ ಏರಿಸಿದರೆ ಶಕ್ತಿ ಏರುತ್ತದೆ. ಆದರೆ ಕ್ಲಚ್ ಅದೇ, ಗೇರ್‌ಬಾಕ್ಸ್ ಅದೇ, ಪಿಸ್ಟನ್ ಅದೇ. ಒಳ್ಳೆಯ ಕೈಯಲ್ಲಿ, ಮಿತಿಯಲ್ಲಿ ಮಾಡಿಸಿದ ಕಾರು ವರ್ಷಗಟ್ಟಲೆ ಓಡುತ್ತದೆ, ನಾನು ಕಂಡಿದ್ದೇನೆ. ತೊಂದರೆ ಏನೆಂದರೆ, ಮಾರುವ ಮೊದಲು ಹಳೆಯ ಲೆಕ್ಕವನ್ನೇ ಮತ್ತೆ ತುಂಬಿಸಿ "ಎಲ್ಲ ಕಂಪನಿಯದ್ದೇ" ಅಂದುಬಿಡಬಹುದು. ಕಾರು ಎರಡು ವರ್ಷ ಜಾಸ್ತಿ ಭಾರ ಹೊತ್ತಿದ್ದು ಸುಲಭಕ್ಕೆ ಗೊತ್ತಾಗುವುದಿಲ್ಲ.

ಗುರುತು ಹುಡುಕಬೇಕು. ಗಾಳಿ ಪೈಪುಗಳ ಕ್ಲ್ಯಾಂಪ್ ಕೆಲವು ಹೊಸದು, ಕೆಲವು ಹಳೆಯದಾ? ಸೈಲೆನ್ಸರ್ ಬೋಲ್ಟ್‌ಗಳು ಪದೇ ಪದೇ ಬಿಚ್ಚಿದ ಹಾಗೆ ಹೊಳೆಯುತ್ತಿವೆಯಾ? ಡ್ಯಾಶ್‌ಬೋರ್ಡ್ ಅಥವಾ ಮುಂದಿನ ಗಾಜಿನ ಪಕ್ಕದ ಕಂಬದ ಮೇಲೆ ಹೆಚ್ಚುವರಿ ಮೀಟರ್ ಕೂರಿಸಿ ಕಿತ್ತ ತೂತು ಇದೆಯಾ? "ಕಂಪನಿಯ ಹಳೆ ಸ್ಪ್ರಿಂಗ್, ಸೈಲೆನ್ಸರ್ ಇದ್ದರೆ ಅವನ್ನೂ ಕೊಡ್ತೀರಾ?" ಅಂತ ಸಹಜವಾಗಿ ಕೇಳಿ. "ಹೌದು, ಗ್ಯಾರೇಜಿನಲ್ಲಿವೆ" ಅಂದರೆ ವಿಷಯ ಹೊರಬಂತು, ಮುಂದಿನ ಮಾತು ಸುಲಭ.

ಇಲ್ಲಿ ನಿಮಗೆ ಸಹಾಯಕ್ಕೆ ಒಂದು ಸಣ್ಣ ಉಪಕರಣ ಇದೆ, ಕಾರಿನ ಕಂಪ್ಯೂಟರ್ ಗುರುತಿಸಿಟ್ಟ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಇದರ ಸಾಕೆಟ್ ಕಡ್ಡಾಯ. ಸ್ಟೀರಿಂಗ್ ಕೆಳಗೆ ಸಿಗುತ್ತದೆ, ಫೋನಿನಲ್ಲೇ ಓದಬಹುದು. ಎಲ್ಲರೂ ಇದನ್ನು ಸಿಕ್ಕಿಸಿ "ದೋಷ ಏನೂ ಇಲ್ಲ" ಅಂತ ತೆಗೆದುಬಿಡುತ್ತಾರೆ. ಅಲ್ಲಿಗೇ ನಿಲ್ಲಿಸಬೇಡಿ. ಹಿಂದಿನ ದಿನ ರಾತ್ರಿ ದೋಷದ ಕೋಡ್‌ಗಳನ್ನು ಅಳಿಸಿರಬಹುದು. ಅಳಿಸಿದರೆ ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಸ್ಕ್ಯಾನರಿನಲ್ಲಿ ಆ ಪರೀಕ್ಷೆಗಳು "ಇನ್ನೂ ಮುಗಿದಿಲ್ಲ" ಅಂತ ಕಾಣುತ್ತವೆ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದೂ ಬಹಳಷ್ಟು ಕಾರುಗಳಲ್ಲಿ ಸಿಗುತ್ತದೆ. ದಿನವೂ ಓಡುವ ಕಾರಿನಲ್ಲಿ ಅದು 11 ಕಿಲೋಮೀಟರ್ ಅಂತ ತೋರಿಸಿದರೆ, ನೀವು ಬರುವ ಸ್ವಲ್ಪ ಮುಂಚೆ ಯಾರೋ ಏನನ್ನೋ ಅಳಿಸಿದ್ದಾರೆ. ಬ್ಯಾಟರಿ ಬದಲಿಸಿದರೂ ಹೀಗಾಗಬಹುದು. ಕೇಳಿ, ಬ್ಯಾಟರಿ ಬಿಲ್ ಇದ್ದರೆ ನೋಡಿ. ಕೀ ಆನ್ ಮಾಡಿದಾಗ ಎಂಜಿನ್ ದೀಪ, ಏರ್‌ಬ್ಯಾಗ್ ದೀಪ ಎರಡೂ ಹೊತ್ತಿ ಆಮೇಲೆ ಆರಬೇಕು. ಹೊತ್ತುವುದೇ ಇಲ್ಲ ಅಂದರೆ ಯಾರೋ ಅದನ್ನು ಕಾಣದ ಹಾಗೆ ಮಾಡಿರಬಹುದು.

ಈಗ ಓಡಿಸೋಣ. ಆದರೆ ಮೊದಲು ಅವರು ಓಡಿಸಲಿ, ನೀವು ಪಕ್ಕ ಕೂರಿ. ಇದನ್ನು ಹೆಚ್ಚಿನವರು ಮಾಡುವುದಿಲ್ಲ, ಕೀ ಕೈಗೆ ಸಿಕ್ಕರೆ ಸಾಕು ಅಂತ ಕಾತರ ಇರುತ್ತದೆ. ಸ್ವಲ್ಪ ತಡೆಯಿರಿ. ಎಂಜಿನ್ ಇನ್ನೂ ಅರ್ಧ ತಣ್ಣಗಿದೆ. ಕೂಲೆಂಟ್ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು. ಆಗ ಅವರ ಕಾಲು ಏನು ಮಾಡುತ್ತದೆ ನೋಡಿ. ನಿಮಗೆ ಕಾರಿನ ಜೋರು ತೋರಿಸಲು ಮೊದಲ ತಿರುವಿನಲ್ಲೇ ತುಳಿದರೆ, ಅದು ಅವರ ದಿನನಿತ್ಯದ ಅಭ್ಯಾಸ. "ಇನ್ನೂ ಬಿಸಿಯಾಗಿಲ್ಲ, ಸ್ವಲ್ಪ ತಡೀರಿ" ಅಂತ ಅವರ ಬಾಯಿಂದ ತಾನಾಗಿ ಬಂದರೆ, ಆ ಕಾರಿನ ಅರ್ಧ ಪರೀಕ್ಷೆ ಅಲ್ಲೇ ಪಾಸಾಯಿತು.

ನಿಮ್ಮ ಸರದಿ ಬಂದಾಗ ಮೊದಲು ಕ್ಲಚ್ ನೋಡಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ, ಆರ್‌ಪಿಎಂ 2,000 ದಾಟಿದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮುಳ್ಳು ಛಂಗನೆ ಮೇಲೆ ಹಾರಿ, ಕಾರು ಮಾತ್ರ ಅಷ್ಟು ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ರೀಮ್ಯಾಪ್ ಆದ ಕಾರುಗಳಲ್ಲಿ ಮೊದಲು ಸೋಲುವುದು ಇದೇ. ನ್ಯೂಟ್ರಲ್‌ನಲ್ಲಿ ನಿಂತಾಗ ಗಡಗಡ ಸದ್ದು ಇದ್ದು, ಕ್ಲಚ್ ಒತ್ತಿದ ಕೂಡಲೇ ಬದಲಾದರೆ ಫ್ಲೈವೀಲ್ ಅಥವಾ ಗೇರ್‌ಬಾಕ್ಸಿನ ಬೇರಿಂಗನ್ನು ಮೆಕ್ಯಾನಿಕ್‌ಗೆ ತೋರಿಸಿ. ಎರಡನೇ, ಮೂರನೇ ಗೇರಿಗೆ ಸ್ವಲ್ಪ ಚುರುಕಾಗಿ ಹಾಕಿ ನೋಡಿ. ಕರಕರ ಅಂದರೆ ಗೇರನ್ನು ಸಲೀಸಾಗಿ ಕೂರಿಸುವ ಸಿಂಕ್ರೊ ಸವೆದಿದೆ. ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಆದರೆ, ಬ್ರೇಕ್ ಬಿಟ್ಟು ತೆವಳುವ ವೇಗದಲ್ಲಿ ಹೋಗಿ. ಜರ್ಕ್ ಹೊಡೆಯಬಾರದು. ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಇರುವ ಇಂಥ ಗೇರ್‌ಬಾಕ್ಸ್‌ಗಳಿಗೆ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಲೇಬೇಕು. ಇಂಥದ್ದೇ ಆದ ಫೋಕ್ಸ್‌ವ್ಯಾಗನ್‌ನ ಆರು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸಿಗೆ 60,000 ಕಿಲೋಮೀಟರಿಗೊಮ್ಮೆ. ಅದರ ಬಿಲ್ ಇದೆಯಾ ಅಂತ ಕೇಳಿ.

ಇಲ್ಲಿ ಟರ್ಬೊ ಇಲ್ಲದ, ತುಂಬಾ ಮೇಲೆ ತಿರುಗುವ ಎಂಜಿನ್‌ಗಳ ಬಗ್ಗೆ ಒಂದು ಮಾತು, ಯಾಕೆಂದರೆ ಅವು ನನಗೆ ಬಹಳ ಪ್ರೀತಿ. ಅವುಗಳನ್ನು ಕೆಂಪು ಗೆರೆಯ ತನಕ ಓಡಿಸುವುದರಿಂದ ಹಾಳಾಗುವುದಿಲ್ಲ, ಅದಕ್ಕೇ ಮಾಡಿದ್ದು. ಹಾಳಾಗುವುದು ತಪ್ಪು ಗೇರಿನಿಂದ. ಮೂರರಿಂದ ನಾಲ್ಕಕ್ಕೆ ಹಾಕುವ ಬದಲು ಕೈ ತಪ್ಪಿ ಎರಡಕ್ಕೆ ಬಿತ್ತು ಅಂದುಕೊಳ್ಳಿ. ಎಂಜಿನ್ ತಾನಾಗಿ ಏರುವುದನ್ನು ಕಂಪ್ಯೂಟರ್ ಪೆಟ್ರೋಲ್ ಕತ್ತರಿಸಿ ತಡೆಯಬಲ್ಲದು. ಚಕ್ರಗಳೇ ಎಂಜಿನನ್ನು ತಿರುಗಿಸುವಾಗ ಅದು ಏನೂ ಮಾಡಲಾರದು. ವಾಲ್ವ್ ಬಾಗಬಹುದು. ಅಂಥ ಕಾರಿಗೆ ಕಂಪ್ರೆಷನ್ ಪರೀಕ್ಷೆ, ಅಂದರೆ ಸಿಲಿಂಡರ್‌ಗಳ ಒಳಗಿನ ಒತ್ತಡ ಅಳೆಯುವ ಪರೀಕ್ಷೆ ಮಾಡಿಸದೆ ಹಣ ಕೊಡಬೇಡಿ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರದ ಅಂಕಿ ತೋರಿಸಬೇಕು.

ಮುಂದಿನ ಚಕ್ರಕ್ಕೆ ಇಷ್ಟು ಶಕ್ತಿ ಹೋಗುವಾಗ ಸ್ಟೀರಿಂಗ್ ಸ್ವಲ್ಪ ಎಳೆಯುವುದು ಈ ಕಾರುಗಳ ಗುಣ. ಆದರೆ ತುಳಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಎಳೆದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಹೋಗಿದೆ. ತುಳಿದು ಬಿಟ್ಟಾಗ ಕೆಳಗಿಂದ "ಧಡ್" ಅಂದರೆ ಎಂಜಿನನ್ನು ಹಿಡಿದಿಡುವ ಮೌಂಟ್ ಹೋಗಿದೆ. ಇವೆರಡೂ ಸರಿಪಡಿಸಲು ಕಷ್ಟವಲ್ಲ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ನೋಡಿಸಿ. ಟರ್ಬೊ ಶಿಳ್ಳೆ ಹಾಕುವುದು ಸರಿ, ಸೈರನ್ ಥರ ಊಳಿಟ್ಟರೆ ಸರಿಯಲ್ಲ. ಇಳಿಜಾರಿನಲ್ಲಿ ಗೇರಿನಲ್ಲೇ ಇಳಿದು, ಕೆಳಗೆ ಬಂದು ಮತ್ತೆ ತುಳಿದಾಗ ಕನ್ನಡಿಯಲ್ಲಿ ಹಿಂದೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಎಲ್ಲೋ ದಾರಿ ಮಾಡಿಕೊಂಡಿದೆ.

ಇನ್ನು ವಾಪಸ್ ಬರುವ ಹೊತ್ತು. ಮತ್ತೆ ಅವರಿಗೇ ಸ್ಟೀರಿಂಗ್ ಕೊಡಿ. ಜೋರಾಗಿ ಓಡಿದ ಮೇಲೆ ಟರ್ಬೊ ಕೆಂಡದಂತೆ ಕಾದಿರುತ್ತದೆ. ಅದರ ಬೇರಿಂಗ್ ಉಳಿಯುವುದು ಹರಿಯುವ ಆಯಿಲ್‌ನಿಂದ. ತಕ್ಷಣ ಆಫ್ ಮಾಡಿದರೆ ಹರಿವು ನಿಲ್ಲುತ್ತದೆ, ಅಲ್ಲೇ ನಿಂತ ಆಯಿಲ್ ಸುಟ್ಟು ಕರಿಗಟ್ಟುತ್ತದೆ. ಇತ್ತೀಚಿನ ಬಹಳಷ್ಟು ಕಾರುಗಳಲ್ಲಿ ಆಫ್ ಮಾಡಿದ ಮೇಲೂ ಕೂಲೆಂಟ್ ತಿರುಗಿಸುವ ಎಲೆಕ್ಟ್ರಿಕ್ ಪಂಪ್ ಇರುತ್ತದೆ, ಹಾಗಾಗಿ ಮೊದಲಿನಷ್ಟು ಭಯವಿಲ್ಲ. ಆದರೂ ತಿಳಿದವರು ಕೊನೆಯ ಒಂದೆರಡು ಕಿಲೋಮೀಟರ್ ಮೆಲ್ಲಗೆ ಬರುತ್ತಾರೆ.

ಕಳೆದ ವರ್ಷ ನನ್ನ ತಂಗಿಯ ಗೆಳತಿಗೆ ಕಾರು ನೋಡಲು ಜೊತೆ ಹೋಗಿದ್ದೆ. ನಾವು ನೋಡಿದ ಐದನೇ ಕಾರು ಅದು. ಮೀಟರಿನಲ್ಲಿ ಹಿಂದಿನ ನಾಲ್ಕಕ್ಕಿಂತ ಜಾಸ್ತಿ ಕಿಲೋಮೀಟರ್ ಇತ್ತು, ಸೀಟಿನ ಪಕ್ಕದ ಏಣು ಸವೆದಿತ್ತು, ಒಂದು ಚಕ್ರಕ್ಕೆ ಉಜ್ಜಿದ ಗಾಯ ಇತ್ತು. ಬಾನೆಟ್ ಮಾತ್ರ ತಣ್ಣಗಿತ್ತು. ನಾಲ್ಕು ಟೈರೂ ಒಂದೇ ಜೊತೆ. ಮಾಲೀಕರು ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾತಾಡುತ್ತಲೇ ಕೊನೆಯ ರಸ್ತೆಯಲ್ಲಿ ತಾನಾಗಿ ನಿಧಾನ ಮಾಡಿದರು. ಕಾರು ನಿಲ್ಲಿಸಿ, ಬಾಗಿಲು ತೆಗೆದು, ಒಂದು ಕಾಲು ಹೊರಗಿಟ್ಟು ಹಾಗೇ ಮಾತು ಮುಂದುವರಿಸಿದರು. ಎಂಜಿನ್ ಓಡುತ್ತಲೇ ಇತ್ತು. ಸುಮಾರು ಒಂದು ನಿಮಿಷ ಕಳೆದ ಮೇಲೆ, ಮಾತು ನಿಲ್ಲಿಸದೆಯೇ ಕೈ ಹಿಂದೆ ಚಾಚಿ ಆಫ್ ಮಾಡಿದರು. ಅವಳು ನನ್ನ ಮುಖ ನೋಡಿದಳು. ನಾನು ಹೂಂ ಅಂದೆ.